ಚಿಟ್ಟಿ ಇಲ್ಲದೆ ಬೂಟಿಲ್ಲ

ಮಿಲಿಟರಿಯಿಂದ ಬಿಡುಗಡೆಯಾಗಿ ಬಂದ ಮೇಲೆ ನಾನು ಮಾಡಿದ ಮೊದಲ ದೊಡ್ಡ ಮೂರ್ಖತನವೆಂದರೆ, ರಾಯಚೂರಿನ ಒಂದು ಹತ್ತಿ ಮಿಲ್ಲಿನ ಸಾಹುಕಾರರ ಮುಂದೆ ಹಿಮ್ಮಡಿ ಕೂಡಿಸಿ, ಎದೆ ಉಬ್ಬಿಸಿ ನಿಂತು, ನಾನು ಕ್ವಾರ್ಟರ್ ಮಾಸ್ಟರ್ ಆಗಿದ್ದೆ ಎಂದು ಹೇಳಿದ್ದು. ಅದು ಪೂರ್ತಿ ನಿಜವೂ ಅಲ್ಲ. ಪಲ್ಟನ್ನಿನ ಬೂಟು, ಕಂಬಳಿ, ಬಕೆಟ್ಟು, ಹಗ್ಗ ಇಡುವ ಉಗ್ರಾಣಕ್ಕೆ ಅಲ್ಲಿ ಕ್ವಾರ್ಟರ್ ಮಾಸ್ಟರ್ ಸ್ಟೋರ್ ಎನ್ನುತ್ತಾರೆ. ನಾನು ಆ ಸ್ಟೋರಿನ ಕಿಟಕಿಯಲ್ಲಿ ಕೂತು ಸಾಮಾನು ಕೊಡುವವ. ಕ್ವಾರ್ಟರ್ ಮಾಸ್ಟರ್ ಅಂದರೆ ದೊಡ್ಡ ಸಾಹೇಬ. ಅವರು ನನ್ನ ಹೆಸರನ್ನು ಒಂದು ದಿನವೂ ಸರಿಯಾಗಿ ಕರೆದವರಲ್ಲ. ಆದರೆ ಸಾಹುಕಾರರ ಗಾದಿ, ಅದರ ಹಿಂದಿನ ತಿಜೋರಿ, ತಲೆಯ ಮೇಲೆ ತಿರುಗುವ ಫ್ಯಾನು ಇವನ್ನೆಲ್ಲ ನೋಡಿದ ಮೇಲೆ, ಬಕೆಟ್ ಕಾಯುತ್ತಿದ್ದೆ ಎನ್ನಲು ನನಗೆ ಬಾಯಿ ಬರಲಿಲ್ಲ.

"ಕ್ವಾರ್ಟರ್ ಏನು?" ಎಂದರು ಸಾಹುಕಾರರು.

"ಮಾಸ್ಟರ್ ರೀ."

"ಸಾಲಿ ಮಾಸ್ತರನೇನು?"

"ಅಲ್ರೀ, ಸ್ಟೋರ್ ರೀ. ಇಡೀ ಪಲ್ಟನ್ನಿಗೆ ನಾನಽ ಕೊಡಾಂವ್ರೀ."

"ಇಡೀ ಪಲ್ಟನ್ನಿಗೆ ಕ್ವಾರ್ಟರ್ ನೀನಽ ಕೊಡಾಂವ?"

"ಹೌದ್ರೀ," ಎಂದೆ, ಇನ್ನಷ್ಟು ಎದೆ ಉಬ್ಬಿಸಿ.

ನಮ್ಮ ಕಡೆ ಕ್ವಾರ್ಟರ್ ಅಂದರೆ ಬ್ರಾಂಡಿ ಅಂಗಡಿಯಲ್ಲಿ ಸಿಗುವ ಸಣ್ಣ ಶೀಸೆ ಎಂಬುದು, ಪಕ್ಕದಲ್ಲಿ ಕೂತ ಗುಮಾಸ್ತ ಪೆನ್ನು ಕೆಳಗಿಟ್ಟು ನಗತೊಡಗಿದಾಗ ನೆನಪಾಯಿತು. ಸಾಹುಕಾರರು ನಗಲಿಲ್ಲ. "ತಮ್ಮಾ, ನಮ್ಮ ಹಮಾಲರು ಮೊದಲಽ ಕುಡೀತಾರ. ಅವರಿಗೊಬ್ಬ ಮಾಸ್ತರ ಬ್ಯಾರೆ ಯಾಕ ಬೇಕು?" ಎಂದರು. ತಿರುಗಿ ಬಾಗಿಲ ತನಕ ಬಂದೆ. ಹಿಂದಿನಿಂದ ಮತ್ತೆ ಕರೆದರು. ನೌಕರಿ ಸಿಕ್ಕಿತು ಅಂದುಕೊಂಡೆ.

"ಮಿಲಿಟ್ರಿ ರಮ್ ತಂದೀಯೇನು?"

ದುಃಖ ಮರೆಯಲು ತೀನ್ ಕಂದೀಲ್ ಚೌಕದ ಹತ್ತಿರ ಮಿರ್ಚಿ ಭಜಿ ತಿನ್ನುತ್ತ ಕೂತು ಒಂದು ಬಸ್ಸು ತಪ್ಪಿಸಿಕೊಂಡೆ. ಆ ಬಸ್ಸಿಗೆ ಸುದ್ದಿ ಹತ್ತಿತು. ಮಿಲ್ಲಿನ ಹಮಾಲರಲ್ಲಿ ಒಬ್ಬ ದೇವದುರ್ಗದ ನಮ್ಮ ಓಣಿಯವನೇ. ನಾನು ಊರು ಮುಟ್ಟುವಾಗ ಚಹಾದಂಗಡಿಯಲ್ಲಿದ್ದವರು "ಬರ್ರಿ, ಕ್ವಾರ್ಟರ್ ಮಾಸ್ತರ" ಎಂದು ಸರಿದು ಜಾಗ ಮಾಡಿಕೊಟ್ಟರು. ಅವ್ವ ಮಾತ್ರ ಒಲೆಯ ಮುಂದೆ ಸೆರಗು ಬಾಯಿಗಿಟ್ಟುಕೊಂಡು, "ಯಪ್ಪಾ, ದೇಶ ಕಾಯಾಕ ಕಳಿಸಿದ್ರ ಕುಡಿಸೋ ಕೆಲಸ ಹಚ್ಚಿದ್ರೇನೋ ನಿನಗ" ಎಂದು ಅತ್ತಳು.

ನಮ್ಮದು ಕುರಿ ಸಾಕುವ ಮನೆ. ಅಣ್ಣ ಅಳುವವನಲ್ಲ. "ಸುಗ್ಗಿ ಮುಗಿದ ಕೂಡ್ಲೆ ಹಿಂಡು ಹೊಳೀ ದಂಡಿ ಕಡಿಗೆ ಹೊಂಡತದ. ಅಷ್ಟ್ರಾಗ ನೌಕರಿ ಸಿಕ್ರ ಸಿಕ್ತು. ಇಲ್ಲಾಂದ್ರ ಕಂಬಳಿ ಹೊತ್ಕೊಂಡು ನನ್ನ ಸಂಗಾಟ ನಡಿ," ಎಂದ. ಕುರಿ ಕಾಯುವುದು ಕೀಳೆಂದು ನಾನು ಅಂದುಕೊಂಡಿರಲಿಲ್ಲ. ಕುರಿಗಳೇ ನನ್ನನ್ನು ಕೀಳೆಂದುಕೊಂಡಿದ್ದವು. ಒಂದು ಮುಂಜಾನೆ, ಮಿಲಿಟರಿಯಲ್ಲಿ ಕಲಿತದ್ದು ಇಲ್ಲಾದರೂ ಉಪಯೋಗಕ್ಕೆ ಬಂದೀತೆಂದು, ಹಿಂಡಿನ ಮುಂದೆ ನಿಂತು "ದಾಹಿನೇ ಮುಡ್" ಎಂದು ಕೂಗಿದೆ. ಬಲಕ್ಕೆ ತಿರುಗಬೇಕಾದ ಇಡೀ ಹಿಂಡು ಎಡಕ್ಕೆ ತಿರುಗಿ ಪಕ್ಕದವರ ಜೋಳದ ಹೊಲಕ್ಕೆ ನುಗ್ಗಿತು. ನಾನು ಬೆನ್ನಟ್ಟಿದಷ್ಟೂ ಒಳಗೆ ಹೋದವು. ಒಂದು ಟಗರಂತೂ ಮೇಜರ್ ಸಾಹೇಬರ ಹಾಗೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿತು.

"ಕುರಿ ಸುದ್ದಾ ನಿನ್ನ ನೌಕರಿಗೆ ತಗೊಳ್ಳಂಗಿಲ್ಲ ಬಿಡು," ಎಂದ ಅಣ್ಣ.

ಇಷ್ಟನ್ನು ತಡೆದುಕೊಳ್ಳುತ್ತಿದ್ದೆನೋ ಏನೋ, ಮಾನ್ವಿಯ ನನ್ನ ದೋಸ್ತ ಒಬ್ಬ ಇಲ್ಲದಿದ್ದರೆ. ಇಬ್ಬರೂ ಒಂದೇ ದಿನ ಭರ್ತಿಯಾದವರು, ಒಂದೇ ಪಲ್ಟನ್ನಿನಲ್ಲಿ ಇದ್ದವರು, ಒಂದೇ ರೈಲಿನಲ್ಲಿ ವಾಪಸು ಬಂದವರು. ಅವನು ಅಲ್ಲಿ ಲಾರಿ ಓಡಿಸುತ್ತಿದ್ದ. ಇಲ್ಲಿ ಬಂದು ಚೀಲ ಬಿಚ್ಚುವುದರೊಳಗೆ ಬಸ್ಸಿನ ಡ್ರೈವರ್ ಆಗಿಬಿಟ್ಟ. ಅವನನ್ನು ಕೇಳಿದ್ದು ಒಂದೇ ಮಾತಂತೆ, ಅಲ್ಲಿ ಏನು ಮಾಡುತ್ತಿದ್ದಿ ಎಂದು. "ಗಾಡಿ ಹೊಡೀತಿದ್ದೆ," ಎಂದನಂತೆ. ಮುಗಿಯಿತು.

ಅವನ ಬಸ್ಸು ದೇವದುರ್ಗದಿಂದ ಸಿರವಾರ, ಮಾನ್ವಿ ಸುತ್ತಿ ರಾಯಚೂರಿಗೆ ಹೋಗುತ್ತಿತ್ತು. ನೌಕರಿ ಹುಡುಕಲು ನಾನು ಹತ್ತಬೇಕಾದದ್ದು ಅದನ್ನೇ. ನನ್ನ ಖಾಕಿ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಅವನು ಹೊಸ ಖಾಕಿ ಹೊಲಿಸಿಕೊಂಡಿದ್ದ. ಮುದುಕಿಯರು ಇಳಿಯುವಾಗ ಅವನಿಗೆ ಕೈ ಎತ್ತಿ ಹರಸುತ್ತಿದ್ದರು, ಬಸ್ಸನ್ನು ಅವನೇ ಹೆತ್ತಿದ್ದಾನೆ ಎನ್ನುವಂತೆ. ಸಿರವಾರದ ಹೋಟೆಲಿನವನು ನಮಗೆಲ್ಲ ಪೇಪರಿನಲ್ಲಿ ಒಗ್ಗರಣೆ ಮಂಡಕ್ಕಿ ಕಟ್ಟಿ ಕೊಟ್ಟರೆ ಅವನಿಗೆ ತಟ್ಟೆಯಲ್ಲಿ ಕೊಡುತ್ತಿದ್ದ, ಮೇಲೆ ಒಂದು ಮಿರ್ಚಿ ಹೆಚ್ಚಿಗೆ. ಆ ಮಿರ್ಚಿಯನ್ನು ತಿನ್ನುತ್ತಿದ್ದವನು ಅವನು, ಹೊಟ್ಟೆ ಉರಿಯುತ್ತಿದ್ದದ್ದು ನನ್ನದು.

ದೋಸ್ತನೆಂಬ ಅಭಿಮಾನಕ್ಕೆ ನನ್ನನ್ನು ತನ್ನ ಪಕ್ಕದಲ್ಲಿ, ಇಂಜಿನ್ನಿನ ಬಾನೆಟ್ ಮೇಲೆ ಕೂಡಿಸಿಕೊಳ್ಳುತ್ತಿದ್ದ. ರಾಯಚೂರಿನ ಬಿಸಿಲಿನಲ್ಲಿ ಆ ಬಾನೆಟ್ ರೊಟ್ಟಿ ಹೆಂಚಿನ ಹಾಗೆ ಕಾಯುತ್ತಿತ್ತು. ನಾನು ಒಂದು ಮಗ್ಗುಲು ಬೆಂದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿ ಕೂಡುತ್ತಿದ್ದೆ.

"ಯಾಕ್ಲೇ, ಮಾರಿ ಹಂಗ ಮಾಡ್ಕೊಂಡಿ?"

"ಬಾನೆಟ್ ಸುಡಾಕತ್ತದ."

"ಬಾನೆಟ್ಟೋ, ಹೊಟ್ಟಿಯೋ?"

"ನಿನಗೇನ್ಲೇ, ಸ್ಟೇರಿಂಗ್ ತಿರುವಿ ತೋರಿಸಿದ್ರ ಆತು. ನಾ ಏನು ತಿರುವಿ ತೋರಿಸ್ಲಿ?"

ಅವನು ಒಂದು ಎತ್ತಿನ ಬಂಡಿಯನ್ನು ದಾಟಿಸಿ, ಸಾವಕಾಶವಾಗಿ ಹೇಳಿದ: "ನೀ ಅಲ್ಲಿ ಮಾಡ್ತಿದ್ದಿದ್ದರ ಏನು? ಕೇಳಿದ್ದಕ್ಕೆಲ್ಲ ಇಲ್ಲಾ ಅಂತಿದ್ದಿ. ಇಲ್ಲಾ ಅನ್ನಾಕ ಯಾರು ಪಗಾರ ಕೊಡ್ತಾರಲೇ?"

ಅವನ ಮನಸ್ಸಿನಲ್ಲಿದ್ದದ್ದು ಬೂಟು. ಒಂದು ಚಳಿಗಾಲದಲ್ಲಿ ಅವನ ಬೂಟಿನ ಅಟ್ಟೆ ಕಿತ್ತುಹೋಗಿ ನನ್ನ ಕಿಟಕಿಗೆ ಬಂದಿದ್ದ. ಸುಬೇದಾರರ ಸಹಿ ಇದ್ದ ಚಿಟ್ಟಿ ಇಲ್ಲದೆ ಸ್ಟೋರಿನಿಂದ ಒಂದು ಮೊಳೆಯೂ ಹೊರಗೆ ಹೋಗುವಂತಿಲ್ಲ. ಸುಬೇದಾರರು ರಜೆಯ ಮೇಲಿದ್ದರು. ನನ್ನ ಹಿಂದೆ ಹೊಸ ಬೂಟುಗಳು ಸಾಲಾಗಿ ಕೂತಿದ್ದವು, ಅವನಿಗೂ ಕಾಣುತ್ತಿದ್ದವು. "ಲೇ, ನಾ ನಿಮ್ಮ ಊರ ಕಡ್ಯಾಂವಲೇ," ಎಂದಿದ್ದ. "ಊರ ಕಡ್ಯಾಂವ ಅದೀ ಅಂತ ಚಹಾ ಕುಡಸ್ತೀನಿ, ಬಾ. ಬೂಟಿಗೆ ಚಿಟ್ಟಿ ಬೇಕು," ಎಂದಿದ್ದೆ. ಸುಬೇದಾರರು ಬರುವ ತನಕ ಅವನು ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಲಾರಿ ಓಡಿಸಿದ.

ಆದರೂ ಮಾನ್ವಿಯ ಅಕ್ಕಿ ಮಿಲ್ಲಿನ ಗೋದಾಮಿಗೆ ಒಬ್ಬ ಮನುಷ್ಯ ಬೇಕಂತೆ ಎಂದು ತಿಳಿಸಿದವನು ಅವನೇ. "ಹೋಗಿ ನೋಡು. ಆ ಇಂಗ್ಲೀಷ್ ಹೆಸರು ಮಾತ್ರ ಎತ್ತಬ್ಯಾಡ," ಎಂದ. ಎತ್ತಲಿಲ್ಲ. ಏನು ಕೆಲಸ ಬರುತ್ತದೆ ಎಂದು ಅಲ್ಲಿಯ ಸಾಹುಕಾರರು ಕೇಳಿದರೆ, ದೋಸ್ತನನ್ನೇ ನಕಲು ಮಾಡಿ, "ಗೋದಾಮು ಕಾಯ್ತೀನ್ರಿ," ಎಂದೆ. ಸಾಹುಕಾರರು ಕೀಲಿಕೈ ಎಸೆದರು. "ಇವತ್ತೊಂದಿನ ಕಾಯಿ, ನೋಡೂನು."

ನಾನು ಮೈಮೇಲೆ ದೇವರು ಬಂದವನಂತೆ ಕೆಲಸ ಮಾಡಿದೆ. ನೆಲದ ತಂಪು ತಾಗಬಾರದೆಂದು ಹಲಗೆ ಹಾಸಿಸಿದೆ. ಇಲಿ ಹೊಕ್ಕರೆ ಕಾಣಲೆಂದು ಗೋಡೆಗೂ ಚೀಲಕ್ಕೂ ನಡುವೆ ದಾರಿ ಬಿಡಿಸಿದೆ. ಹಳೆಯ ಅಕ್ಕಿ ಮುಂದೆ, ಹೊಸದು ಹಿಂದೆ. ಹಮಾಲರು ಬೆವರು ಒರೆಸಿಕೊಳ್ಳುತ್ತ, "ಚೀಲಕ್ಕೂ ಪರೇಡ್ ಕಲಸ್ತೀರೇನ್ರೀ?" ಎಂದರು. ನೌಕರಿ ಸಿಕ್ಕೇ ಬಿಟ್ಟಿತು, ಇನ್ನು ಸಿರವಾರದಲ್ಲಿ ನನಗೂ ತಟ್ಟೆ ಬರುತ್ತದೆ ಎಂದುಕೊಂಡೆ.

ಮಧ್ಯಾಹ್ನ ಸಾಹುಕಾರರು ತಮ್ಮ ಹೆಂಡತಿಯ ತಮ್ಮನನ್ನು ಕರೆದುಕೊಂಡು ಬಂದರು. "ಒಂದು ಚೀಲ ಸಣ್ಣಕ್ಕಿ ಇವನ ಬಂಡಿಗೆ ಹಾಕಸು," ಎಂದರು.

"ಚಿಟ್ಟಿ ಕೊಡ್ರಿ."

"ಯಾರ ಚಿಟ್ಟಿ?"

"ಸಾವ್ಕಾರ್ದ್ರೀ."

"ನಾನಽ ಸಾವ್ಕಾರ."

"ನಿಮ್ದಽ ಕೊಡ್ರಿ ಹಂಗಾರ."

ದೇವರಾಣೆ, ನಾನು ಹೇಳಲಿಲ್ಲ. ಏಳು ವರ್ಷ ಕಿಟಕಿಯಲ್ಲಿ ಕೂತ ನಾಲಗೆ ತಾನೇ ಹೇಳಿತು. ನಾಲಗೆಯ ಜೊತೆ ಕೈಯೂ ಸೇರಿಕೊಂಡು ಬಾಗಿಲಿಗೆ ಅಡ್ಡ ಹೋಯಿತು.

"ಕೊಡದಿದ್ರ?" ಎಂದರು ಸಾಹುಕಾರರು.

"ಚಹಾ ಕುಡೀರಿ. ಚೀಲ ಕೊಡಾಕ ಬರಂಗಿಲ್ರಿ."

ಹೆಂಡತಿಯ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಮಾ, ನಿನ್ನ ಮಿಲ್ಲಿನಾಗ ನಿನಗಽ ಒಳಗ ಬಿಡಂಗಿಲ್ಲಲ್ಲೋ," ಎಂದ. ಹಮಾಲರೂ ನಕ್ಕರು. ಸಾಹುಕಾರರ ಕಿವಿ ಕೆಂಪಾಯಿತು. ನನ್ನ ಕೈಯಿಂದ ಕೀಲಿಕೈ ಕಸಿದುಕೊಂಡು, "ನಡಿ ಮನಿಗೆ," ಎಂದರು.

ಮರುದಿನ ಸುಗ್ಗಿಯ ಕೊನೆಯ ತೆನೆ ಮನೆಗೆ ಬಂತು. ಅಣ್ಣ ಏನೂ ಕೇಳದೆ ನನ್ನ ಮುಂದೆ ಒಂದು ಕಂಬಳಿ, ಒಂದು ಕೋಲು ತಂದಿಟ್ಟ. ಆ ಟಗರು ಸಂಜೆಯಿಡೀ ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಓಣಿಯ ಬಾಯಿಯಲ್ಲಿ ಹಾರ್ನ್ ಕೇಳಿತು. ಬಸ್ಸು ನಿಲ್ಲುವ ಜಾಗವಲ್ಲ ಅದು. ದೋಸ್ತ ಇಳಿದು ಬಂದ. ಮುಖ ಗಂಟು ಹಾಕಿಕೊಂಡಿತ್ತು.

"ನಾಳಿಗಿ ಮಾನ್ವಿಗೆ ಬರಬೇಕಂತ ನೀನು. ಕೀಲಿಕೈ ನಿನಗಽ ಅಂತ."

"ಯಾರಂದ್ರು?"

"ಸಾವ್ಕಾರ. ಮುಂಜಾನಿ ರಾಯಚೂರಿಗೆ ಹೊಂಟಿದ್ದ, ನನ್ನ ಹಿಂದಿನ ಸೀಟಿನಾಗಽ ಕುಂತಿದ್ದ. ನೀರಮಾನ್ವಿ ದಾಟಿದ ಮ್ಯಾಲೆ ಕೇಳಿದ, ಅಂವ ಮಿಲಿಟ್ರಿಯಾಗೂ ಹಿಂಗಽ ಇದ್ನೇನು ಅಂತ. ನಾ ಬೂಟಿಂದು ಎಲ್ಲಾ ಹೇಳಿದೆ. ಕಾಲಿಗೆ ಗೋಣಿಚೀಲ ಸುತ್ಕೊಂಡಿದ್ದು ಸುದ್ದಾ ಹೇಳಿದೆ."

"ಅದಕ್ಕೇನಂದ?"

"ಅಡಿಕಿ ಹೋಳು ಬಾಯಾಗ ಹಾಕ್ಕೊಂಡ. ರಾಯಚೂರು ಬಂದ ಮ್ಯಾಲೆ, ಹೆಂಡ್ತಿ ತಮ್ಮಗ ಇಲ್ಲಾ ಅನ್ನಾಕ ನನಗ ಬಾಯಿ ಬರಂಗಿಲ್ಲಪಾ, ಇಲ್ಲಾ ಅನ್ನಾಂವ ಒಬ್ಬ ಬೇಕಾಗಿದ್ದ, ಅಂದ. ಬಾನೆಟ್ ಮ್ಯಾಲೆ ಬ್ಯಾಡ, ಅವನಿಗೆ ಸೀಟ್ ಹಿಡದು ಕರ್ಕೊಂಡು ಬಾ ಅಂತ ಬ್ಯಾರೆ ಹೇಳ್ಯಾನ."

ಗೋದಾಮಿನಲ್ಲಿ ನೆರಳು, ಕೂಡಲು ಕುರ್ಚಿ, ಈಗ ಬಸ್ಸಿನಲ್ಲಿ ಸೀಟು. ದೋಸ್ತನ ಮುಖದಲ್ಲಿದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅದು ನನ್ನ ಮುಖದಲ್ಲಿತ್ತು. ಎದ್ದು ಅವನ ಕೈ ಹಿಡಿದುಕೊಂಡು, "ನಿನ್ನ ಶಿಫಾರಸು ಸಾಯೋತನ ಮರೆಯಂಗಿಲ್ಲಲೇ," ಎಂದೆ.

ಅವನು ಕೈ ಬಿಡಿಸಿಕೊಂಡ.

"ಶಿಫಾರಸು ಯಾರು ಮಾಡಿದ್ರಲೇ? ನಾ ಚಾಡಿ ಹೇಳಿದ್ದೆ."