ನೀಲಿ ಲಾರಿಯ ಹಿಡಿಕೆಗಳು

ನನ್ನ ಗೆಳೆಯ ಸತ್ತುಹೋದ. ಮೊನ್ನೆ ಮಧ್ಯಾಹ್ನ, ನಾವಿಬ್ಬರೂ ದುಡಿಯುತ್ತಿದ್ದ ಲಾರಿ ಶೆಡ್ಡಿನಲ್ಲಿ, ಮುಕ್ಕಾಲಿಯ ಮೇಲೆ ಕುಳಿತಿದ್ದಾಗಲೇ ಅವನ ಹೃದಯ ನಿಂತಿತು. ಆಸ್ಪತ್ರೆಗೆ ಒಯ್ದದ್ದು ನಮ್ಮ ಸಮಾಧಾನಕ್ಕಷ್ಟೆ.

ಅವನು ಬಣ್ಣದವನು, ನಾನು ತಗಡು ಬಡಿಯುವವನು. ನೆಗ್ಗಿದ್ದನ್ನು ನಾನು ನೆಟ್ಟಗೆ ಮಾಡಿಕೊಟ್ಟರೆ ಅವನು ಬಣ್ಣ ಹೊಡೆದು ನನ್ನ ಸುತ್ತಿಗೆಯ ಗುರುತು ಮುಚ್ಚುತ್ತಿದ್ದ. ಎಲ್ಲದಕ್ಕೂ "ಹದ ಬರ್ಲಿ ತಡಿ" ಅನ್ನುತ್ತಿದ್ದುದರಿಂದ ಶೆಡ್ಡಿನವರಿಗೆಲ್ಲ ಅವನು ಹದದಣ್ಣ. ಊಟದ ಹೊತ್ತಿನಲ್ಲಿ ನಾನು ಪುಸ್ತಕ ಬಿಚ್ಚಿದರೆ, "ಹೊಟ್ಟೆಗೂ ಏನಾದ್ರೂ ಓದೋಕೆ ಕೊಡಪ್ಪ" ಎಂದು ಛೇಡಿಸುತ್ತಿದ್ದ.

ಇಡೀ ಲಾರಿಗಳಿಗೆ ಬಣ್ಣ ಹೊಡೆದ ಕೈ ಅದು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮಾಲೀಕರು ಅವನಿಗೆ ಬಾಗಿಲಿನ ಹಿಡಿಕೆಗಳ ಕೆಲಸವನ್ನಷ್ಟೇ ಉಳಿಸಿದರು. ಮನೆಗೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ. "ಲಾರಿಯಿಂದ ಹಿಡಿಕೆಗೆ ಇಳಿದೆ. ಇನ್ನು ಬಾಕಿ ಇರೋದು ಸ್ಕ್ರೂ" ಎಂದು ಅವನೇ ನಕ್ಕ. ಆಮೇಲೆ ಬಹಳ ದಿನ ನಗಲಿಲ್ಲ.

ಹಿಡಿಕೆಗಳು ಕರಿ ಪ್ಲಾಸ್ಟಿಕ್ಕಿನವು. ಅವು ಮೈಬಣ್ಣದಲ್ಲೇ ಇರಬೇಕೆಂದು ಲಾರಿಯವರಿಗೆ ಆಸೆ. ಸೋಪಿನ ನೀರಲ್ಲಿ ಜಿಡ್ಡು ತೆಗೆದು, ನೀರಲ್ಲಿ ನೆನೆಸಿದ ಮರಳು ಕಾಗದ, ಅಂದರೆ ವಾಟರ್ ಪೇಪರಿನಿಂದ ಉಜ್ಜಿ ಹೊಳಪು ಸಾಯಿಸಿ, ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಒಂದರಲ್ಲಿ ಅವಸರ ಮಾಡಿದರೂ ಡ್ರೈವರಿನ ಉಗುರು ತಾಗಿ ಸಿಪ್ಪೆ ಏಳುತ್ತದೆ. ಇದೆಲ್ಲ ಅವನಿಗೆ ಕಣ್ಣು ಮುಚ್ಚಿಕೊಂಡೂ ಬರುತ್ತಿತ್ತು. ಕಷ್ಟವಿದ್ದದ್ದು ಹಿಡಿಕೆಯ ಬಣ್ಣವನ್ನು ಲಾರಿಯ ಮೈಬಣ್ಣಕ್ಕೆ ಸೇರಿಸುವುದರಲ್ಲಿ. ಹಳೆಯ ಲಾರಿಯ ಮೈಯನ್ನು ಬಿಸಿಲು ತಿಂದಿರುತ್ತದೆ. ಡಬ್ಬಿಯ ಬಣ್ಣವನ್ನು ಹಾಗೇ ಹೊಡೆದರೆ ಮುದುಕನಿಗೆ ಹಾಲುಹಲ್ಲು ಬಂದಂತೆ. ಅದಕ್ಕೇ ಅವನು ಮಿಶ್ರಣದಲ್ಲಿ ಕಡ್ಡಿ ಅದ್ದಿ, ಒಣಗಿಸಿ, ಬಾಗಿಲಿಗೆ ಹಿಡಿದು ನೋಡುತ್ತಿದ್ದ. "ಹಸಿ ಬಣ್ಣ ಸುಳ್ಳು ಹೇಳುತ್ತೆ. ಒಣಗಿದ ಮೇಲೆ ಕೇಳ್ಬೇಕು."

ಒಂದು ಹಸಿರು ಲಾರಿ ಬಂದಿತ್ತು. ಅವನ ಹೆಂಡತಿ ಬುತ್ತಿ ತಂದ ಹೊತ್ತಿಗೆ ಸರಿಯಾಗಿ ಅವನು ಒಣಗಿದ ಹಿಡಿಕೆಯನ್ನು ಬಾಗಿಲಿಗೆ ಹಿಡಿದು ನಿಂತಿದ್ದ.

"ನೋಡೆ, ಸೇರ್ತಾ?"

ಸೇರಿರಲಿಲ್ಲ. ಹಿಡಿಕೆ ನೀಲಿಗೆ ಹೊರಳಿತ್ತು. ಆಕೆ ಬುತ್ತಿಯನ್ನು ಕೆಳಗಿಟ್ಟು, "ಸೇರಿದೆ ರೀ, ಅಚ್ಚು ಹಾಕಿದ ಹಾಗಿದೆ" ಅಂದಳು. ಹಿಂದೆ ನಿಂತಿದ್ದ ಮಾಲೀಕರು, "ಹದದಣ್ಣ ಹೊಡೆದ ಮೇಲೆ ಕೇಳ್ಬೇಕಾ" ಅಂದರು. ಅವನು ಮನೆಗೆ ಹೋದ ಮೇಲೆ ಬೇರೆಯವರಿಂದ ಮತ್ತೆ ಹೊಡೆಸುವುದೆಂದು ಅವರ ಲೆಕ್ಕ. ಡ್ರೈವರು ಅದಕ್ಕೆ ಮೊದಲೇ ಬಂದುಬಿಟ್ಟ.

"ಯಾವ ಲಾರಿ ಕಿವಿ ಕಿತ್ತು ನನ್ನ ಲಾರಿಗೆ ಅಂಟಿಸಿದೀರಣ್ಣ?"

ಒಳ್ಳೆಯ ತಮಾಷೆ. ಆದರೆ ಶೆಡ್ಡಿನಲ್ಲಿ ಒಬ್ಬರೂ ನಗಲಿಲ್ಲ. ಆ ಮೌನದಿಂದಲೇ ಅವನಿಗೆ ಗೊತ್ತಾಯಿತು.

ಮಾರನೆಯ ದಿನ ನನ್ನ ಪಕ್ಕದಲ್ಲಿ ಕುಳಿತು ಹೇಳಿದ: "ನನ್ನ ಕಣ್ಣು ಹೋದ್ರೆ ಹೋಗ್ಲಿ, ಅವಳ ಕಣ್ಣಲ್ಲಿ ನೋಡ್ಕೊಂಡು ಕೆಲಸ ಮಾಡ್ತೀನಿ ಅಂದ್ಕೊಂಡಿದ್ದೆ. ಈಗ ಅದೂ ಹೋಯ್ತು."

"ನಿನ್ನ ಮನಸ್ಸು ನೋಯಬಾರ್ದು ಅಂತ ಹೇಳಿದ್ಲು ಮಾರಾಯ."

"ಅದೇ ನಾನೂ ಹೇಳ್ತಿರೋದು."

ಮೊನ್ನೆ ಬಂದದ್ದು ನೀಲಿ ಲಾರಿ. ಅವನು ಮಾಲೀಕರ ಬಳಿ ಹೋಗಿ, "ಇದೊಂದು ಸೇರಿದ್ರೆ ಇರ್ತೀನಿ. ಇಲ್ಲಾಂದ್ರೆ ನಾಳೆಯಿಂದ ಬರಲ್ಲ" ಅಂದ. ಅವರು ಒಪ್ಪಿದರು. ಬೆಳಗಿನಿಂದ ಎಷ್ಟು ಕಡ್ಡಿ ಅದ್ದಿದನೋ. ಬಿಳಿ ಒಂದು ಹನಿ, ಕಪ್ಪು ಅರ್ಧ ಹನಿ ಎಂದು ಬೆರೆಸುತ್ತ, ಹಳೆಯ ಕೈಯ ನೆನಪನ್ನೇ ನಂಬಿ ಹೊಡೆದ. ಹಿಡಿಕೆಗಳು ತಂತಿಯಲ್ಲಿ ಒಣಗಿದ ಮೇಲೆ ಒಂದನ್ನು ಬಿಸಿಲಿನಲ್ಲಿ ಬಾಗಿಲಿಗೆ ಹಿಡಿದು ನಮ್ಮನ್ನೆಲ್ಲ ಕರೆದ.

ಸೇರಿತ್ತು. ನಿಜವಾಗಿಯೂ ಸೇರಿತ್ತು. ಬಿಸಿಲು ತಿಂದ ಅದೇ ಮಂಕು ನೀಲಿ. ಮಾಲೀಕರು ಅವನ ಬೆನ್ನು ತಟ್ಟಿದರು. ಬುತ್ತಿ ತಂದಿದ್ದ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆ ಲಾರಿಯ ಡ್ರೈವರು, "ಇನ್ಮೇಲೆ ಹಿಡಿಕೆ ಎಲ್ಲಿದೆ ಅಂತ ತಡಕಾಡ್ಬೇಕು ನೋಡಿ" ಅಂದ.

"ನಿಂಗೆ ಎಷ್ಟು ಜನ ಹೇಳಿಕೊಟ್ರಪ್ಪ?" ಎಂದು ಹದದಣ್ಣ ಮೆಲ್ಲಗೆ ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ನೀನು ಹೇಳು."

"ಸೇರಿದೆ ಮಾರಾಯ. ನನ್ನಾಣೆ."

"ಆಣೆ ಯಾಕೆ ಹಾಕ್ತೀಯ? ನಿಜ ಆಗಿದ್ರೆ ಆಣೆ ಬೇಕಿರ್ಲಿಲ್ಲ."

ಅದಕ್ಕೆ ಉತ್ತರ ಹುಡುಕುತ್ತಲೇ ಇದ್ದೇನೆ. ಏನು ಹೇಳಿದರೂ ಅದು ಕರುಣೆಯಾಗಿಯೇ ಕೇಳುತ್ತಿತ್ತು.

ಅವನು ತಂತಿಯಲ್ಲಿದ್ದ ಇನ್ನೊಂದು ಹಿಡಿಕೆಯನ್ನೂ ಬಿಚ್ಚಿಕೊಂಡು ಮುಕ್ಕಾಲಿಯ ಮೇಲೆ ಹೋಗಿ ಕುಳಿತ. "ಬೇಡ ರೀ" ಎಂದು ಹೆಂಡತಿ ಎರಡು ಸಲ ಅಂದಳು. ಅವನು ಮಗ್ಗಿನ ನೀರಿನಲ್ಲಿ ವಾಟರ್ ಪೇಪರ್ ನೆನೆಸಿ ಉಜ್ಜತೊಡಗಿದ. ನೀಲಿ ನೀರು ಬೆರಳ ಸಂದಿಗಳಿಂದ ಇಳಿಯಿತು. ನೀಲಿ ಹೋಗಿ ಪ್ರೈಮರಿನ ಬೂದು ಬಂತು, ಬೂದು ಹೋಗಿ ಕರಿ ಪ್ಲಾಸ್ಟಿಕ್ಕು ಬಂತು. ಹೆಬ್ಬೆರಳಿನಿಂದ ಸವರಿ ನೋಡಿ ಆ ಹಿಡಿಕೆಯನ್ನು ಪಕ್ಕಕ್ಕಿಟ್ಟ. ಎರಡನೆಯದನ್ನು ನೀರಿಗೆ ಅದ್ದಿದ.