ಬಸಳೆಗೆ ನೆರಳು

ಆ ಕುದುರೆ ಸತ್ತದ್ದು ಆದಂನಿಂದ ಅಲ್ಲ, ನನ್ನಿಂದ. ಅವನು "ಮಾಫಿ, ಮಾಫಿ" ಎಂದಾಗ ಅದು ಕ್ಷಮೆಯ ಮಾತಲ್ಲ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು — ಗೊತ್ತಿದ್ದೂ ಹೌದೆಂದು ತಲೆಯಾಡಿಸಿದೆ.

ಕತಾರಿನ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯವರು ಕೇಳಿದ್ದು ಇದನ್ನಲ್ಲ. "ನೀವು ಕುದುರೆ ಪಡೆಯಲ್ಲಿದ್ದವರು, ಮರಳುಗಾಡಲ್ಲಿ ಬೀಡು ಕಟ್ಟಿದವರು. ಒಂದು ಸಾಹಸದ ಲೇಖನ ಕೊಡಿ ಮಾರಾಯ್ರೆ" ಎಂದಿದ್ದರು ಕಾರ್ಯದರ್ಶಿ. ಮೂರು ಸಲ ಸಾಹಸ ಬರೆಯಲು ಕೂತೆ. ಮೂರು ಸಲವೂ ಎರಡನೇ ಪುಟದಲ್ಲಿ ಆದಂ ಬಂದು ನಿಂತ. ಇನ್ನು ನನ್ನಿಂದಾಗದು. ಅವರು ಅಚ್ಚು ಹಾಕದಿದ್ದರೆ ಬೇಡ.

ಸಾಹಸದ ಭಾಗ ಬೇಗ ಮುಗಿಯುತ್ತದೆ. ಭರ್ತಿಯ ದಿನ "ಪ್ರಾಣಿಗಳ ಅಭ್ಯಾಸ ಇದೆಯಾ?" ಎಂದು ಕೇಳಿದ ಅಧಿಕಾರಿಗೆ, ಕಂಬಳದಲ್ಲಿ ಕೋಣ ಓಡಿಸಿದ್ದೇನೆ ಎಂದೆ. ಓಡಿಸಿದ್ದು ನನ್ನ ಮಾವ. ನಾನು ಕೋಣಗಳ ಬೆನ್ನಿಗೆ ಎಣ್ಣೆ ತಿಕ್ಕಿದವನು. ಹಾಗೆ ಕುಂದಾಪುರದ ಕಡಲ ಬದಿಯವನು ಸವಾರನಾದೆ. ಹದಿನೇಳು ವರ್ಷದಲ್ಲಿ ಒಂದು ಯುದ್ಧವನ್ನೂ ನೋಡಲಿಲ್ಲ. ನೋಡಿದ್ದು ಪೆರೇಡು, ಲಾಯ, ಲದ್ದಿ. ಕಲಿತ ಪಾಠ ಇಷ್ಟೇ — ಮೊದಲು ಕುದುರೆಗೆ ನೀರು, ಆಮೇಲೆ ಸವಾರನಿಗೆ. ಮೊದಲು ಬಾಗಿಲ ಅಗಳಿ, ಆಮೇಲೆ ನಿದ್ದೆ. ನನ್ನಂಥ ಪುಕ್ಕಲನಿಗೆ ಹೇಳಿ ಮಾಡಿಸಿದ ಪಾಠ. ಅಗಳಿಯನ್ನು ಮೂರು ಸಲ ಮುಟ್ಟಿ ನೋಡದೆ ಎಂದೂ ಮಲಗಿದವನಲ್ಲ ನಾನು. ಒಂದು ಮಧ್ಯಾಹ್ನ ಬಿಟ್ಟು.

ನಿವೃತ್ತಿಯಾದ ಮೇಲೆ ಕತಾರಿಗೆ ಬಂದೆ. ಅಲ್ ಅಜೀಜಿಯಾ ದಾಟಿ, ಡಾಂಬರು ಮುಗಿದು, ಅಲ್ಲಿಂದಾಚೆಗೂ ಅರ್ಧ ಗಂಟೆಯ ದಾರಿ. ಅಲ್ಲಿ ನಮ್ಮ ಧಣಿ ಅರ್ಬಾಬರು ಕುದುರೆ ಸಾಕಲು ಜಾಗ ಹಿಡಿದಿದ್ದರು. ಜಾಗವೆಂದರೆ ಒಂದು ನೀರಿನ ಟ್ಯಾಂಕಿ, ಒಂದು ಪೋರ್ಟಾ ಕ್ಯಾಬಿನ್, ಮತ್ತು ನನಗಿಂತ ಎರಡು ವಾರ ಮೊದಲು ಬಂದಿಳಿದಿದ್ದ ಸುಡಾನಿನ ಆದಂ. ಬೇಲಿ ನಾವಿಬ್ಬರೇ ಹಾಕಿದೆವು. ಗಾಳಿ ಅದನ್ನು ಮರಳಲ್ಲಿ ಹೂತಿತು, ಮತ್ತೆ ಹಾಕಿದೆವು. ಕುದುರೆಗಳು ಬಂದದ್ದು ಆಮೇಲೆ.

ನನಗೆ ಅರಬಿ ಕಲಿಸಿದವನು ಅವನೇ. ಮೊದಲು ಕಲಿಸಿದ ಪದ "ಮಾಫಿ" — ಅಂದರೆ ಇಲ್ಲ. ರಸ್ತೆ ಮಾಫಿ, ರಜೆ ಮಾಫಿ, ನೆರಳು ಮಾಫಿ. ನಮ್ಮಲ್ಲಿ ಮಾಫಿ ಎಂದರೆ ಕ್ಷಮೆ ಕಣೋ ಎಂದಾಗ ಆದಂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಪಾಪ ನಿಮ್ಮ ಜನ! ಕ್ಷಮೆ ಕೇಳುವಾಗಲೇ ಇಲ್ಲ ಅಂತ ಉತ್ತರ ಬಂದಾಯ್ತಲ್ಲ!"

ಊರಿಂದ ತಂದ ಬಸಳೆಯ ದಂಟನ್ನು ಕ್ಯಾಬಿನ್ನಿನ ಎಸಿಯಿಂದ ತೊಟ್ಟಿಕ್ಕುವ ನೀರಿಗೆ ನೆಟ್ಟಿದ್ದೆ. ಅದು ಚಿಗುರಿತು. ಅವನ ಊರಲ್ಲೂ ಲೋಳೆ ಲೋಳೆಯ ಸೊಪ್ಪಿನ ಸಾರು ಮಾಡುತ್ತಾರಂತೆ. "ಇದು ನಮ್ಮ ಸೊಪ್ಪಿನ ತಂಗಿ" ಎಂದು ಬೆರಳು ನೆಕ್ಕುತ್ತಿದ್ದ. ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ.

ಮೂರನೇ ಬೇಸಗೆ. ಅರ್ಬಾಬರು ವಿದೇಶಕ್ಕೆ ಹೋಗಿದ್ದರು. ನನ್ನ ಹೆಂಡತಿ ವಿಸಿಟ್ ವೀಸಾದಲ್ಲಿ ಬರಲು ಎರಡು ವಾರ ಉಳಿದಿತ್ತು. ಮರಳುಗಾಡಲ್ಲಿ ಬಸಳೆ ತಿನ್ನಿಸುತ್ತೇನೆ ನೋಡು ಎಂದು ಫೋನಿನಲ್ಲಿ ಜಂಬ ಕೊಚ್ಚಿದ್ದೆ. ಅಷ್ಟರಲ್ಲಿ ಬಿಸಿಗಾಳಿಗೆ ಎಲೆ ಸುಡತೊಡಗಿತು. ಮಧ್ಯಾಹ್ನ ಆದಂ ಮಲಗಿದ್ದ. ಧಾನ್ಯದ ಕೋಣೆ ಅವನ ಜವಾಬ್ದಾರಿ. ಬೀಗದ ಕೈ ಒಂದು ಅವನಲ್ಲಿ, ಇನ್ನೊಂದು ನನ್ನಲ್ಲಿ. ಬೀಗ ತೆಗೆದು ಎರಡು ಖಾಲಿ ಗೋಣಿ ತಂದು ಬಳ್ಳಿಗೆ ನೆರಳು ಕಟ್ಟಿದೆ. ಗಂಟು ಬಿಗಿಯಾಗಿದೆಯೇ ಎಂದು ನೋಡಿದೆ — ಮೂರು ಸಲ. ಸಮಾಧಾನದಿಂದ ಹೋಗಿ ಮಲಗಿದೆ. ಕೋಣೆಯ ಬಾಗಿಲು ತೆರೆದೇ ಇತ್ತು.

ನಾಲ್ಕು ಗಂಟೆಗೆ ಆದಂ ಕೂಗಿದ. ನಮ್ಮ ಮುದಿ ಹೆಣ್ಣುಕುದುರೆ ಬಾರ್ಲಿಯ ಡಬ್ಬವನ್ನು ಅರ್ಧ ಖಾಲಿ ಮಾಡಿತ್ತು. ಸಾಧು ಪ್ರಾಣಿಯೆಂದು ಅದೊಂದನ್ನು ಕಟ್ಟದೆ ಬಿಟ್ಟಿರುತ್ತಿದ್ದೆವು. ಈಗ ಅದು ತಿರುತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು, ಮಲಗುತ್ತಿತ್ತು, ಏಳುತ್ತಿತ್ತು. ಹಿಡಿದು ನಡೆಸಿದೆವು. ಡಾಕ್ಟರು ಬಂದು ಮೂಗಿನಿಂದ ನಳಿಗೆ ಇಳಿಸಿದರು. ಬೆಳಗಾಗುವಷ್ಟರಲ್ಲಿ ಹೋಯಿತು.

ಮ್ಯಾನೇಜರು ಭೋಪಾಲದಿಂದ ಬಂದು ವಾರವಷ್ಟೇ ಆಗಿತ್ತು. ಅರಬಿಯ ಒಂದಕ್ಷರ ಬಾರದು. ಕೋಣೆಯ ಮುಂದೆ ನಮ್ಮನ್ನು ನಿಲ್ಲಿಸಿ, ಬಾಗಿಲು ತೋರಿಸಿ, ಬೀಗ ತಿರುಗಿಸುವಂತೆ ಕೈಯಾಡಿಸಿ ಆದಂನನ್ನು ಕೇಳಿದರು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಕುದುರೆಗಾಗಿ ಅತ್ತು ಕಣ್ಣು ಕೆಂಪಾಗಿತ್ತು. "ಅನಾ? ಮಾಫಿ, ಸಾಬ್. ವಲ್ಲಾ, ಮಾಫಿ!" — ನಾನಾ? ಇಲ್ಲ. ದೇವರಾಣೆ ಇಲ್ಲ.

ಮ್ಯಾನೇಜರ ಮುಖ ಸ್ವಲ್ಪ ಮೆತ್ತಗಾಯಿತು. ನನ್ನ ಕಡೆ ತಿರುಗಿ ಕೇಳಿದರು: "ಮಾಫಿ ಮಾಂಗ್ ರಹಾ ಹೈ ನಾ?" ಕ್ಷಮೆ ಕೇಳುತ್ತಿದ್ದಾನೆ, ಅಲ್ಲವೇ?

"ಜೀ, ಸಾಬ್."

ಅಷ್ಟೇ. ಸಾಹೇಬರ ಮಾತಿಗೆ ಹೌದೆನ್ನುವುದು ಪಡೆಯ ಅಭ್ಯಾಸ ಎಂದು ಬರೆಯಲು ಹೊರಟೆ — ಇಲ್ಲ, ಪಡೆಯ ಮೇಲೆ ಹಾಕಬಾರದು. ಜೇಬಿನಲ್ಲಿ ಹೆಂಡತಿಯ ವೀಸಾದ ಕಾಗದವಿತ್ತು — ಅದರ ಮೇಲೂ ಹಾಕುವುದಿಲ್ಲ.

ವಾರದೊಳಗೆ ಅವನ ವೀಸಾ ಕ್ಯಾನ್ಸಲ್ ಆಯಿತು. ಹಿಂದಿ ತಿಳಿಯದ ಆದಂ, ನಾನು ಅವನ ಪರವಾಗಿ ಬೇಡಿಕೊಂಡೆ ಎಂದೇ ತಿಳಿದಿದ್ದ. ಹೊರಡುವಾಗ ನನ್ನ ಎರಡೂ ಕೈ ಹಿಡಿದು, "ನೀನು ಹೇಳಿದೆ, ಅವನು ಕೇಳಲಿಲ್ಲ. ನಿನ್ನ ತಪ್ಪೇನು? ಶುಕ್ರನ್, ಯಾ ಅಖೂಯ್" ಎಂದ. ಅಂದರೆ, ಉಪಕಾರವಾಯಿತು, ಸೋದರಾ! ನಂತರ ಬಸಳೆಯ ಹತ್ತಿರ ಹೋಗಿ ಗೋಣಿಯ ಗಂಟು ಬಿಚ್ಚಿ ಮತ್ತೆ ಕಟ್ಟಿದ. "ನಿನ್ನ ಗಂಟು ಗಾಳಿಗೆ ನಿಲ್ಲಲ್ಲ." ಆ ಗೋಣಿ ಎಲ್ಲಿಂದ ಬಂತೆಂದು ಅವನಿಗೆ ಆಗ ಹೊಳೆಯಲಿಲ್ಲವೇ? ಅಥವಾ ಹೊಳೆದೇ —

ಹೆಂಡತಿ ಬಂದಳು, ಬಸಳೆ ಹುಳಿ ಮಾಡಿದಳು. "ಎಂತಕ್ಕೆ ಉಣ್ಣುದಿಲ್ಲ ನೀವು? ಉಪ್ಪು ಜಾಸ್ತಿ ಆಯ್ತಾ?" ಅವಳಿಗೂ ಹೇಳಲಿಲ್ಲ. ಇದನ್ನು ಓದಿಯೇ ತಿಳಿಯಲಿದ್ದಾಳೆ.

ಚಳಿಗಾಲದಲ್ಲಿ ಧೈರ್ಯ ಮಾಡಿ ಮ್ಯಾನೇಜರಿಗೆ ಹೇಳಿದೆ. ಅಷ್ಟರಲ್ಲಿ ಅವರೂ ನಾಲ್ಕು ಅರಬಿ ಪದ ಕಲಿತಿದ್ದರು. "ಖಲಾಸ್. ಅವನೇ ಒಪ್ಪಿಕೊಂಡಿದ್ದನಲ್ಲ? ಹೋಗಿ ಕೆಲಸ ನೋಡು" ಎಂದರು. ಆಗ ಮೇಜು ಗುದ್ದಿ ಕೂಗಬೇಕಿತ್ತು. ನನಗಾದದ್ದೇನು ಗೊತ್ತೇ? ಹಗುರ! ಹಗುರಾಗಿ ಬಂದು ಧಾನ್ಯದ ಕೋಣೆಯ ಅಗಳಿಯನ್ನು ಮೂರು ಸಲ ಮುಟ್ಟಿ ನೋಡಿದೆ. ನನ್ನ ಮೇಲೆ ನನಗೆ ಹೇಸಿಗೆ ಹುಟ್ಟಿದ್ದು ಆ ಮೂರನೇ ಸಲ.

ಈಗ ದೋಹಾದ ಮದೀನತ್ ಖಲೀಫಾದಲ್ಲಿ ಒಂದು ಕಟ್ಟಡದ ಕಾವಲಿನಲ್ಲಿದ್ದೇನೆ — ಅಗಳಿ ನೋಡಿಕೊಳ್ಳಲು ನನಗೇ ಸಂಬಳ! ಆದಂ ಕೊಟ್ಟಿದ್ದ ನಂಬರಿಗೆ ಎಷ್ಟು ಸಲ ಕರೆ ಮಾಡಿದರೂ ಯಾರೂ ಎತ್ತಲಿಲ್ಲ. ಕಳೆದ ಶುಕ್ರವಾರ ದೋಹಾ ಅಲ್ ಜದೀದಾದ ಚಹಾ ಅಂಗಡಿಯಲ್ಲಿ ಅವನ ಊರಿನ ಡ್ರೈವರೊಬ್ಬ ಸಿಕ್ಕ. ಆದಂ ಇದ್ದಾನಂತೆ. ಕುದುರೆ ಕೊಂದವನು ಎಂಬ ಮಾತು ಊರವರೆಗೂ ಹೋಗಿ, ಅವನ ಕೈಗೆ ಯಾರೂ ಪ್ರಾಣಿ ಒಪ್ಪಿಸುವುದಿಲ್ಲವಂತೆ.

ಡ್ರೈವರ್ ರಜೆಗೆ ಊರಿಗೆ ಹೊರಟಿದ್ದ. ಅಲ್ಲೇ ಕೂತು ಅವನಿಂದ ಅರಬಿಯಲ್ಲಿ ಪತ್ರ ಬರೆಸಿದೆ. ಊರವರ ಮುಂದೆ ಗಟ್ಟಿಯಾಗಿ ಓದು ಎಂದು ಹೇಳಿದೆ. ಬೀಗ ತೆಗೆದದ್ದು ನಾನು, ಬಾಗಿಲು ಮರೆತದ್ದು ನಾನು, ಆದಂ ಇಲ್ಲವೆಂದಾಗ ಹೌದೆಂದದ್ದು ನಾನು. ಕೊನೆಗೆ ಬಾಯಿತಪ್ಪಿ ನನ್ನ ಭಾಷೆಯ ಮಾತೇ ಬಂತು: "ಮಾಫಿ."

ಅವನು ಪೆನ್ನು ಎತ್ತಿದ. "ಏನು ಇಲ್ಲ?"

"ಏನೂ ಅಲ್ಲ. ಅದನ್ನು ಬರೀಬೇಡ."

"ಬಸ್?" ಇಷ್ಟು ಸಾಕೇ?

"ಬಸ್" ಎಂದೆ. ಆ ಒಂದು ಮಾತಿಗಾದರೂ ಅವನಲ್ಲೂ ನನ್ನಲ್ಲೂ ಒಂದೇ ಅರ್ಥ.