ಅವ್ವನ ಗುಡ್ಡದ ಗೇಟು

ಹುಲುಗಣ್ಣನಿಗೆ ಎರಡು ಬದುಕುಗಳಿದ್ದವು. ವರ್ಷವಿಡೀ ಅವನು ಕೂಡ್ಲಿಗಿಯ ಹಳೇ ಪೇಟೆಯಲ್ಲಿ ಜಂಬಣ್ಣ ಸಾಹುಕಾರರ ಹುಣಸೆಹಣ್ಣಿನ ಮಂಡಿಯ ಹಮಾಲಿ. ಒಂದೇ ಒಂದು ದಿನ ಮಾತ್ರ ಅವ್ವನ ಗುಡ್ಡದ ಯಜಮಾನ. ಚೀಲ ಹೊತ್ತು ಹೊತ್ತು ಬಾಗಿದ ಬೆನ್ನು ಆ ದಿನ ನೆಟ್ಟಗಾಗುತ್ತಿತ್ತು. ಅದಕ್ಕಿಂತ ಹೆಚ್ಚಿನದನ್ನು ಅವನು ಯಾರ ಹತ್ತಿರವೂ ಕೇಳಿದವನಲ್ಲ.

ಊರಿಂದ ಸ್ವಲ್ಪ ದೂರದ ಆ ಗುಡ್ಡದ ತುಂಬ ಸೀತಾಫಲದ ಗಿಡಗಳು. ಕಾಯಿ ಕಚ್ಚಿದಾಗಿನಿಂದ ಗುಡ್ಡಕ್ಕೆ ಕಟ್ಟು. ಹುಲುಗಣ್ಣನ ಜನ, ನಾಯಕರ ಹಟ್ಟಿಯವರು, ಒಂದು ಕಾಯಿಯನ್ನೂ ಮುಟ್ಟುತ್ತಿರಲಿಲ್ಲ. ದಸರೆಗೆ ಮುಂಚಿನ ಮಂಗಳವಾರ ಹುಲುಗಣ್ಣನ ಮನೆತನದ ಹಿರಿಯ ನೆತ್ತಿಯ ಮೇಲಿನ ಅವ್ವನ ಕಲ್ಲಿಗೆ ತೆಂಗಿನಕಾಯಿ ಒಡೆದು, ಬಂಡೆಯ ಅಂಚಿಗೆ ಬಂದು, "ಗುಡ್ಡ ಬಿಟ್ಟೈತಿ, ಬರ್ರೀ" ಎಂದು ಕೂಗಬೇಕು. ಕೆಳಗೆ ಬಿದಿರಿನ ಪುಟ್ಟಿ ಹಿಡಿದು ಕಾದು ನಿಂತ ಹೆಂಗಸರು "ಬಂದ್ವಿ" ಎಂದು ಓಗೊಟ್ಟು ಹತ್ತಬೇಕು. ಅಲ್ಲಿಂದ ದೀಪಾವಳಿ ದಾಟುವವರೆಗೂ ಕೊಟ್ಟೂರು, ಹೊಸಹಳ್ಳಿಯ ಸಂತೆಗಳಲ್ಲಿ, ಬಸ್ಸುಗಳ ಕಿಟಕಿಗಳಲ್ಲಿ ಆ ಹಣ್ಣುಗಳೇ. ಹುಲುಗಣ್ಣನ ವಿಧವೆ ಅಕ್ಕ ಕರಿಯಕ್ಕ ತನ್ನ ಇಬ್ಬರು ಹೆಣ್ಣುಮಕ್ಕಳ ಮದುವೆಯನ್ನು ಸೀತಾಫಲ ಮಾರಿಯೇ ಮಾಡಿದ್ದಳು.

ತೊಂಬತ್ತರ ದಶಕದ ಕೊನೆಗೆ ಪೇಟೆಗೆ ಕಾಯಿಲೆ ಹಿಡಿಯಿತು. ಬಸ್ಸುಗಳೆಲ್ಲ ಹೆದ್ದಾರಿ ಕಡೆಗೆ ಸರಿದವು. ಹುಣಸೆಹಣ್ಣು ಮರದಡಿಯಿಂದಲೇ ಲಾರಿ ಹತ್ತಿ ಹೋಗತೊಡಗಿತು. ನೀಲಗಂಗಮ್ಮನ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕಡಿಮೆಯಾಗಿ, ಮಧ್ಯಾಹ್ನದ ಹೊತ್ತು ಆಕೆ ಹೊಸಿಲ ಮೇಲೆ ಕೂತು ತಲೆ ಬಾಚಿಕೊಳ್ಳುವುದು ಕಾಣತೊಡಗಿತು. ಜಂಬಣ್ಣ ತಕ್ಕಡಿಯ ಧೂಳು ಒರೆಸುತ್ತ ಕೂರುತ್ತಿದ್ದರು. ಆಗ ಯಾರದೋ ತಲೆಗೆ ಹೊಳೆಯಿತು: ಅವ್ವನ ಗುಡ್ಡದಲ್ಲಿ ಕರಡಿ ಇವೆ, ನವಿಲು ಇವೆ. ಸುತ್ತ ಬೇಲಿ ಹಾಕಿಸಿ ಅದನ್ನೊಂದು ವನಧಾಮ ಮಾಡಿದರೆ ಜನ ನೋಡಲು ಬರುತ್ತಾರೆ, ಬಂದವರು ಪೇಟೆಯಲ್ಲಿ ಉಣ್ಣುತ್ತಾರೆ, ಕೊಳ್ಳುತ್ತಾರೆ, ಲಾಡ್ಜು ಹಿಡಿಯುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದರಲ್ಲಿ ನಮ್ಮ ಪೇಟೆಯವರನ್ನು ಮೀರಿಸುವವರಿಲ್ಲ. ಒಂದೇ ತಿಂಗಳಲ್ಲಿ ಸಮಿತಿಯಾಯಿತು, ಸಮಿತಿಗೊಂದು ರಬ್ಬರ್ ಸ್ಟಾಂಪೂ ಆಯಿತು.

ಸಭೆ ಜಂಬಣ್ಣನವರ ಮಂಡಿಯಲ್ಲೇ ಸೇರಿತು. ಅರಣ್ಯ ಇಲಾಖೆಯ ಸಾಹೇಬರೊಬ್ಬರು ಕುರ್ಚಿಯಲ್ಲಿ, ಮಿಕ್ಕವರು ಚೀಲಗಳ ಮೇಲೆ. ಖಾನಾವಳಿ ನೀಲಗಂಗಮ್ಮ ಬೇಲಿ ನಾಳೆಯೇ ಆಗಲಿ ಎಂದಳು. ಗುಡ್ಡದಂಚಿನಲ್ಲಿ ಶೇಂಗಾ ಬೆಳೆಯುವವರು, ಕರಡಿ ಹೊಲಕ್ಕೆ ಬರದಂತಾದರೆ ನಿಮಗೆ ಕೈ ಮುಗಿಯುತ್ತೇವೆ ಎಂದರು. ಕುರುಬರ ದೊಡ್ಡಬೀರಪ್ಪ ಮಾತ್ರ ಎದ್ದು ನಿಂತು, ಬಂದವರು ನೋಡುವುದು ಕರಡಿಯನ್ನಾದರೆ ನನ್ನ ಕುರಿ ಏನು ನೋಡಿಕೊಂಡು ಬದುಕಬೇಕು ಎಂದು ಕೇಳಿದ. ಎಲ್ಲರೂ ನಕ್ಕರು. ನಕ್ಕಿದ್ದರಿಂದ ಅವನ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಹುಲುಗಣ್ಣ ಬಾಗಿಲ ಬಳಿ ನಿಂತಿದ್ದ. ಸಭೆಯ ಹಿಂದಿನ ದಿನ ಹಟ್ಟಿಯ ಕಟ್ಟೆಯ ಮೇಲೆ ಮಾತಾಗಿತ್ತು. ದಸರೆಯಿಂದ ದೀಪಾವಳಿವರೆಗೆ ಗುಡ್ಡ ನಮಗೆ ಬಿಟ್ಟಿರಬೇಕು, ಹಾಗೆಂದು ಒಪ್ಪಿದರೆ ಮಾತ್ರ ಹೂಂ ಎನ್ನು, ಇಲ್ಲದಿದ್ದರೆ ಇಲ್ಲ ಅಂದು ಬಾ. ಇದನ್ನು ಅವನು ದಾರಿಯುದ್ದಕ್ಕೂ ಬಾಯಲ್ಲಿ ಮಗುಚಿಕೊಂಡು ಬಂದಿದ್ದ. ಸಾಹೇಬರು ಗುಡ್ಡದವರ ಅಭಿಪ್ರಾಯ ಏನೆಂದು ಕೇಳಿದಾಗ ಎಲ್ಲರ ಕಣ್ಣು ಅವನ ಮೇಲೆ ಬಿದ್ದವು. ಅವನು ಗಂಟಲು ಸರಿಮಾಡಿಕೊಂಡು ಮುಂದೆ ಬಂದ.

ಅಷ್ಟರಲ್ಲಿ ಜಂಬಣ್ಣ ತಮ್ಮ ಎಲೆಸಂಚಿ ಬಿಚ್ಚಿ ಎಲೆ-ಅಡಿಕೆ ಮುಂದೆ ಹಿಡಿದು, "ಹಿಡಿಯಪ್ಪಾ ಹುಲುಗಣ್ಣ," ಎಂದರು.

ಹುಲುಗಣ್ಣ ಎರಡೂ ಕೈ ಒಡ್ಡಿ ತೆಗೆದುಕೊಂಡ.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಆ ಮಂಡಿಯಲ್ಲಿ ದಿನದ ಕೊನೆಯ ಚೀಲ ಇಳಿಸಿದ ಮೇಲೆ ಸಾಹುಕಾರರು ಎಲೆ-ಅಡಿಕೆ ಕೊಡುವುದು, ಹುಲುಗಣ್ಣ ತೆಗೆದುಕೊಳ್ಳುವುದು ಮೀಸೆ ಮೂಡಿದಾಗಿನಿಂದ ನಡೆದುಬಂದದ್ದು. ಅವರ ಕೈ ಮುಂದೆ ಬಂದರೆ ಇವನ ಕೈ ತಾನಾಗಿ ಏಳುತ್ತಿತ್ತು. ಆದರೆ ಹತ್ತು ಜನರ ನಡುವೆ, ಮಾತು ಎತ್ತಿರುವಾಗ, ಹಟ್ಟಿಯ ಪರವಾಗಿ ನಿಂತವನು ಎಲೆ ಹಿಡಿದನೆಂದರೆ ಮಾತು ಕೊಟ್ಟನೆಂದೇ ಲೆಕ್ಕ. ಹೆಣ್ಣು ಒಪ್ಪುವುದು, ಹೊಲ ಒಪ್ಪುವುದು, ಜಗಳ ಮುಗಿಸುವುದು ಎಲ್ಲ ಹಾಗೇ. ಹಿಡಿದ ಎಲೆಯನ್ನು ತಿರುಗಿ ಕೊಡುವ ಪದ್ಧತಿ ಆ ಸೀಮೆಯಲ್ಲಿಲ್ಲ. ಹಮಾಲಿಯ ಕೈ ಎಲೆ ತೆಗೆದುಕೊಂಡಿತು, ಯಜಮಾನನ ಬಾಯಿ ಕಟ್ಟಿಹೋಯಿತು. ಜಂಬಣ್ಣ ಬೇಕೆಂದೇ ಕೊಟ್ಟರೋ, ಅಭ್ಯಾಸಬಲದಿಂದ ಕೊಟ್ಟರೋ ಆ ದೇವರಿಗೇ ಗೊತ್ತು. ನನಗಂತೂ ಅವರ ಮೇಲೆ ಪೂರ್ತಿ ನಂಬಿಕೆಯಿಲ್ಲ.

ಚಪ್ಪಾಳೆ ಬಿತ್ತು. ಹಟ್ಟಿಯವರು ಒಪ್ಪಿದರೆಂದು ಸಾಹೇಬರು ಬರೆದುಕೊಂಡರು. ಎಲೆ ಹಿಡಿದ ಮೇಲೆ ಕರಾರು ಹಾಕುವುದು ಗಂಡಸುತನವಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ಹುಲುಗಣ್ಣ, ದೀಪಾವಳಿಯ ಮಾತನ್ನು ನುಂಗಿಕೊಂಡು ನಿಂತ.

ಆ ಸಂಜೆ ಕರಿಯಕ್ಕ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಅವನು ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದ. ಮೊರ ನಿಂತಿತು.

"ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲಲೇ ತಮ್ಮ," ಎಂದಳು. ಬೈಯಲಿಲ್ಲ, ಅಳಲೂ ಇಲ್ಲ. ಬೈದಿದ್ದರೆ ಅವನಿಗೆ ಆ ರಾತ್ರಿ ಅನ್ನವಾದರೂ ಇಳಿಯುತ್ತಿತ್ತು.

ವಾರ ಕಳೆದು ಅವನು ಧೈರ್ಯ ಮಾಡಿ ಜಂಬಣ್ಣನವರ ಎದುರು ನಿಂತ. "ಸಾವ್ಕಾರ್ರ, ಅವತ್ತು ನಾ ತಗಂಡಿದ್ದು ದಿನಾ ತಗಳ್ಳಾ ಎಲಿ ಅಂತ ತಿಳಕಳ್ರಿ," ಎಂದ.

ಜಂಬಣ್ಣ ತಕ್ಕಡಿಯ ತಟ್ಟೆಯನ್ನು ಪಂಚೆಯ ತುದಿಯಿಂದ ಒರೆಸಿದರು. "ನಾ ತಿಳಕಂಡ್ರ ಏನ್ ಬಂತಪ್ಪ? ಫೈಲು ಬೆಂಗಳೂರು ಮುಟ್ಟೈತಿ. ಈಗ ಗುಡ್ಡ ನಿನ್ನ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ."

ಬೇಲಿ ಬಂತು. ಮುಳ್ಳುತಂತಿ, ಸಿಮೆಂಟಿನ ಕಂಬ, ಹಸಿರು ಬಣ್ಣದ ಕಬ್ಬಿಣದ ಗೇಟು, ಏನೇನು ಮಾಡಬಾರದೆಂದು ಹೇಳುವ ಉದ್ದನೆಯ ಬೋರ್ಡು. ಅದೇ ಬೇಸಿಗೆಯಲ್ಲಿ ಮಂಡಿಯ ಬಾಗಿಲು ಹಾಕಿತು. ಹಮಾಲಿ ಹೋದ ಹುಲುಗಣ್ಣನಿಗೆ ಸಮಿತಿಯವರು ದೊಡ್ಡ ಮನಸ್ಸು ಮಾಡಿ ಗೇಟಿನ ಕಾವಲಿನ ಕೆಲಸ ಕೊಡಿಸಿದರು. ಅವನು ಒಲ್ಲೆನೆಂದ. ಹೆಂಡತಿ ಶಿವಮ್ಮ ಖಾಲಿ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದಿಟ್ಟಳು. ಮರುದಿನ ಅವನು ಖಾಕಿ ಅಂಗಿ ಹಾಕಿಕೊಂಡ. ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅವನಿಗೆ ನಡುವೆ ಕೂರಲು ಒಂದು ಸ್ಟೂಲು ಕೊಟ್ಟಿದ್ದರು.

ನೋಡಲು ಜನ ಬಂದರೇ? ಬಂದರು. ಆದರೆ ಹೆದ್ದಾರಿಯಿಂದ ನೇರವಾಗಿ ಬಂದು, ಕರಡಿ ಕಾಣದೆ ಬಂಡೆಗಳನ್ನು ನೋಡಿ, ಬುತ್ತಿ ಬಿಚ್ಚಿ ಉಂಡು, ಬಂದ ದಾರಿಯಲ್ಲೇ ಹೋದರು. ಪೇಟೆ ಎಲ್ಲಿದೆ ಎಂದು ಕೇಳಿದವರಿಲ್ಲ. ನೀಲಗಂಗಮ್ಮ ತಲೆ ಬಾಚಿಕೊಳ್ಳುವುದು ತಪ್ಪಲಿಲ್ಲ. ಹುಲುಗಣ್ಣ ದಿನವೂ ಬೆಳಿಗ್ಗೆ ಗುಡ್ಡ ತೆರೆಯುತ್ತಿದ್ದ, ಸಂಜೆ ಮುಚ್ಚುತ್ತಿದ್ದ. ಅವನ ಮನೆತನ ವರ್ಷಕ್ಕೊಮ್ಮೆ ಮಾಡುತ್ತಿದ್ದ ಕೆಲಸ ಈಗ ನಿತ್ಯದ್ದಾಯಿತು, ಅದಕ್ಕೆ ತಿಂಗಳ ಸಂಬಳವೂ ಬಂತು. ಅದರಷ್ಟು ಸಂಕಟವನ್ನು ಅವನು ಯಾವ ಚೀಲದ ಕೆಳಗೂ ಪಟ್ಟಿರಲಿಲ್ಲ.

ಆ ವರ್ಷ ಸೀತಾಫಲ ಗಿಡ ಬಗ್ಗುವಷ್ಟು ಹಿಡಿಯಿತು. ಕಾಯಿ ಕಣ್ಣು ತೆರೆದು ತಿಳಿಹಸಿರಾದಂತೆಲ್ಲ ಹುಲುಗಣ್ಣನಿಗೆ ನಿದ್ದೆ ಹಾರುತ್ತ ಬಂತು. ದಸರೆಗೆ ಮುಂಚಿನ ಮಂಗಳವಾರ ಅವನು ಒಂದು ನಿರ್ಧಾರಕ್ಕೆ ಬಂದ. ಖಾಕಿ ಅಂಗಿ ಸ್ಟೂಲಿನ ಮೇಲೆ ಕಳಚಿಟ್ಟು, ಗೇಟಿನ ಎರಡೂ ಬಾಗಿಲನ್ನು ಪೂರ್ತಿ ತೆರೆದ. ಕೆಲಸ ಹೋದರೆ ಹೋಗಲಿ, ಕೇಸು ಹಾಕಿದರೆ ಹಾಕಲಿ ಎಂದುಕೊಂಡ. ಗುಡ್ಡ ಹತ್ತಿ, ಅವ್ವನ ಕಲ್ಲಿಗೆ ಕಾಯಿ ಒಡೆದು, ಬಂಡೆಯ ಅಂಚಿಗೆ ಬಂದು ನೋಡಿದ. ಗೇಟಿನ ಹೊರಗೆ ಹಟ್ಟಿಯ ಹೆಂಗಸರು ಪುಟ್ಟಿ ಹಿಡಿದು ನಿಂತಿದ್ದರು. ಎದೆ ತುಂಬಿ ಬಂತು ಅವನಿಗೆ.

"ಗುಡ್ಡ ಬಿಟ್ಟೈತಿ, ಬರ್ರೀ!"

ಯಾರೂ ಓಗೊಡಲಿಲ್ಲ. ಗಾಳಿಗೆ ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದ. ನಿಂತವರು ನಿಂತೇ ಇದ್ದರು. ಅವನು ಕಲ್ಲು ಮುಳ್ಳು ನೋಡದೆ ಇಳಿದು ಬಂದ.

"ಬರ್ರಿ ಒಳಗ. ಗೇಟು ನಾನ ತೆಗದೀನಿ. ಏನ್ ಬಂದ್ರೂ ನನ್ನ ತಲಿಗೆ ಬರ್ಲಿ," ಎಂದ ಕರಿಯಕ್ಕನಿಗೆ.

ಕರಿಯಕ್ಕ ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ನಿನ್ನ ತಲಿಗೆ ಬರಂಗಿಲ್ಲ ತಮ್ಮ. ನೀ ಎಲಿ ಹಿಡದಿದ್ದು ಹಟ್ಟಿ ಪರವಾಗಿ. ಇವತ್ತು ನಾವು ಒಳಗ ಕಾಲಿಟ್ರ ಹಟ್ಟಿ ಮಾತಿಗೆ ನಾಳೆ ಯಾರು ಬೆಲಿ ಕೊಡ್ತಾರ? ನಿನ್ನ ಮಾತು ನೀ ಮುರದ್ರೂ ನಾವು ಮುರಿಯಂಗಿಲ್ಲ."

"ಮತ್ತ ಪುಟ್ಟಿ ಹಿಡಕಂಡು ಯಾಕ ಬಂದ್ರಿ?"

"ನೀ ಕೂಗ್ತೀಯೋ ಇಲ್ಲೋ ನೋಡಾಕ ಬಂದಿದ್ವಿ," ಎಂದಳು. "ಕೂಗಿದಿ. ಅಷ್ಟು ಸಾಕು."

ಅವರು ಖಾಲಿ ಪುಟ್ಟಿಗಳನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ಹಟ್ಟಿಯ ದಾರಿ ಹಿಡಿದರು. ಅವನ ಮಾತನ್ನು ಅವನಿಗಿಂತ ಗಟ್ಟಿಯಾಗಿ ಹಿಡಿದುಕೊಂಡವರನ್ನು ಯಾವ ಬಾಯಿಂದ ಕರೆಯಬೇಕೆಂದು ತಿಳಿಯದೆ ಹುಲುಗಣ್ಣ ಗೇಟಿನ ನಡುವೆ ನಿಂತ. ದಿನವೆಲ್ಲ ಗೇಟು ತೆರೆದೇ ಇತ್ತು. ಮಾಗಿದ ಹಣ್ಣು ಒಂದೊಂದಾಗಿ ಬಂಡೆಯ ಮೇಲೆ ಬಿದ್ದು ಒಡೆಯುವುದು ಅವನಿಗೆ ಕೇಳಿಸುತ್ತಿತ್ತು.

ಸಂಜೆ ಖಾಕಿ ಅಂಗಿ ತೊಟ್ಟು ಬೀಗ ಕೈಗೆತ್ತಿಕೊಂಡ. ಎಂದಿನಂತೆ ಹೊರಗೆ ಬಂದು ಹಾಕಬೇಕಿದ್ದ ಬೀಗವನ್ನು ಅವತ್ತು, ಹಟ್ಟಿಗೆ ಯಾವ ಮುಖ ಹೊತ್ತು ಹೋಗಲಿ ಎನಿಸಿ, ಅವನು ಒಳಗೇ ನಿಂತು ಹಾಕಿದ. ಶಿವಮ್ಮ ಹುಡುಕಿಕೊಂಡು ಬಂದು, ಮನೆಗೆ ನಡಿ ಎಂದು ಸರಳುಗಳ ಹೊರಗಿನಿಂದ ಕರೆದಳು. ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಅವನು ಸ್ಟೂಲಿನಿಂದ ಏಳಲಿಲ್ಲ.